ಕೂಗಿದವರನ್ನು ಬಿಟ್ಟು ಹೋಗದ ದೋಣಿ

ಅತ್ತೆಯ ಮನಸ್ಸು ತಿರುಗಿಸಲು ತನಗೆ ಒಂದು ದೋಣಿ ಮತ್ತು ಒಂದು ಶುಕ್ರವಾರ ಸಾಕು ಎಂದು ವಿಲ್ಫ್ರೆಡ್ ಊಟಕ್ಕೆ ಕುಳಿತಲ್ಲೇ ಘೋಷಿಸಿದ. ಘೋಷಿಸಿದ ಎಂದೇ ಹೇಳಬೇಕು, ಏಕೆಂದರೆ ಆತ ಉಪ್ಪು ಕೇಳುವುದೂ ಅದೇ ಧಾಟಿಯಲ್ಲಿ. ದೋಹಾದ ಒಂದು ಪೈಪ್ ಕಂಪನಿಯಲ್ಲಿ ಅವನಿಗೆ ಫೈಲು ಕಾಯುವ ಕೆಲಸ. ಆಫೀಸಿನಲ್ಲಿ ಅವನ ಮಾತು ಯಾರೂ ಕೇಳುವುದಿಲ್ಲ. ಹಾಗೆ ಖರ್ಚಾಗದೆ ಉಳಿದ ಗಾಂಭೀರ್ಯವನ್ನೆಲ್ಲ ಸಂಜೆ ನಜ್ಮಾ ಬಡಾವಣೆಯ ಮೂರನೇ ಮಹಡಿಯ ಫ್ಲ್ಯಾಟಿಗೆ ಹೊತ್ತು ತಂದು ಹೆಂಡತಿಯ ಮುಂದೆ ಸುರಿಯುತ್ತಿದ್ದ.

"ದೋಣಿ ನಡೆಸುವುದು ಯಾರು?" ಎಂದು ಕೇಳಿದಳು ಮಟಿಲ್ಡಾ.

"ಇನ್ಯಾರು? ನಾನೇ. ಕಲ್ಯಾಣಪುರ ಹೊಳೆಯ ನೀರು ಕುಡಿದು ಬೆಳೆದವ ನಾನು."

"ಕುಡಿದದ್ದು ಹೌದು ಮಾರಾಯ್ರೆ, ದೋಣಿಯಿಂದ ಬಿದ್ದ ದಿನ. ನಿಮ್ಮ ಅಣ್ಣ ಹೇಳಿದ್ದಾರೆ."

ವಿಲ್ಫ್ರೆಡ್ ಸಾರಿನ ಬಟ್ಟಲನ್ನು ಹತ್ತಿರ ಎಳೆದುಕೊಂಡ. ದೊಡ್ಡ ಕೆಲಸಕ್ಕೆ ಹೊರಟವರು ಸಣ್ಣ ಮಾತುಗಳಿಗೆ ಕಿವಿ ಕೊಡಬಾರದು ಎಂಬುದು ಅವನ ನಂಬಿಕೆ.

ಕೆಲಸವೇನೋ ದೊಡ್ಡದೇ. ಮಟಿಲ್ಡಾಳ ತಾಯಿ ಅಗಾತಾಬಾಯಿ ಊರಿನಿಂದ ಬಂದು ಎರಡು ವಾರ ಆಗಿತ್ತಷ್ಟೆ. ಕ್ರಿಸ್ಮಸ್ ಮುಗಿಸಿಕೊಂಡು ಹೋಗುವುದೆಂದು ಮಾತಾಗಿತ್ತು. ಗಲ್ಫಿನವರಿಗೆ ರಜೆ ಸಿಗುವುದು ಶಾಲೆಗಳು ಮುಚ್ಚುವ ಬೇಸಗೆಯಲ್ಲಿ. ಹಾಗಾಗಿ ಮದುವೆಯಾಗಿ ಬಂದ ಮೇಲೆ ಮಟಿಲ್ಡಾ ತಾಯಿಯ ಜೊತೆ ಒಂದೇ ಒಂದು ಕ್ರಿಸ್ಮಸ್ಸನ್ನೂ ಮಾಡಿರಲಿಲ್ಲ. ಈ ಸಲ ಅವಳು ಹಬ್ಬದ ಕುಸ್ವಾರ್ ತಿಂಡಿಗೆಂದು ನೆವ್ರಿ ಕರಿಗಡುಬಿನ ಅಚ್ಚು ತರಿಸಿದ್ದಳು, ಎಳ್ಳು ಹುರಿದಿಟ್ಟಿದ್ದಳು, ತಾನು ಕೆಲಸ ಮಾಡುವ ಕ್ಲಿನಿಕ್ಕಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದಳು. ಅಷ್ಟರಲ್ಲಿ ಅಗಾತಾಬಾಯಿ ಚಾ ಲೋಟ ಕೆಳಗಿಟ್ಟು, "ನನ್ನ ಟಿಕೆಟ್ ಬದಲಿಸು ಬಾಯೆ. ಬರುವ ವಾರವೇ ಹೋಗ್ತೇನೆ" ಎಂದುಬಿಟ್ಟರು.

ಕಾರಣ ಇಷ್ಟೇ: ಅವರಿಗೆ ಮಾತಾಡಲು ಜನ ಇರಲಿಲ್ಲ. ಅವರು ಕೆಮ್ಮಣ್ಣು ಎಂಬ ಊರಿನ ಕಡೆಯ ಒಂದು ಕುದ್ರುವಿನವರು. ಸುತ್ತ ಹೊಳೆ, ನಡುವೆ ಬೆರಳೆಣಿಕೆಯ ಮನೆಗಳು, ದಿನವಿಡೀ ಒಂದು ಅಂಗಳದಿಂದ ಇನ್ನೊಂದಕ್ಕೆ ಕೂಗು. ಬರುವುದು ಕೊಂಕಣಿ, ತುಳು, ಕನ್ನಡ ಮಾತ್ರ. ನಜ್ಮಾದ ಆ ಮೆಟ್ಟಿಲಲ್ಲಿ ಮೇಲೆ ಕೆಳಗೆ ಓಡಾಡುವವರಿಗೆ ಇವು ಮೂರನ್ನು ಬಿಟ್ಟು ಉಳಿದದ್ದೆಲ್ಲ ಬರುತ್ತಿತ್ತು. ಮಗಳು ಅಳಿಯ ಬೆಳಿಗ್ಗೆ ಹೋದರೆ ಸಂಜೆಗೆ ಬರುವವರು. ಕಿಟಕಿ ತೆರೆದರೆ ಎದುರು ಕಟ್ಟಡದ ಎಸಿ ಡಬ್ಬಗಳು. "ಇಲ್ಲಿ ಯಾರನ್ನೂ ಯಾರೂ ಕರೆಯುವುದೇ ಇಲ್ಲ" ಎಂದು ಅವರು ನಿಟ್ಟುಸಿರು ಬಿಟ್ಟರು. ಮಟಿಲ್ಡಾ ತಾಯಿಯ ಚಾ ಲೋಟ ಎತ್ತಿಕೊಂಡಳು. ಅಡಿಗೆಮನೆಗೆ ಹೋಗಿ ನಲ್ಲಿ ತೆರೆದಿಟ್ಟು ಅತ್ತಳು. ನಲ್ಲಿಯ ಸದ್ದು ಅಗತ್ಯಕ್ಕಿಂತ ಹೆಚ್ಚು ಹೊತ್ತು ಕೇಳಿದ್ದರಿಂದ ವಿಲ್ಫ್ರೆಡನಿಗೆ ವಿಷಯ ಗೊತ್ತಾಯಿತು. ಜಂಬದ ಮನುಷ್ಯನಾದರೂ ಹೆಂಡತಿ ಅತ್ತರೆ ತಡೆಯುವ ಗುಂಡಿಗೆ ಅವನಿಗಿಲ್ಲ. ದೋಣಿಯ ಯೋಚನೆ ಹೊಳೆದದ್ದು ಹಾಗೆ. ನೀರು ಕಂಡರೆ ಹೊಳೆಯ ಹೆಂಗಸು ಊರು ಮರೆಯುತ್ತಾರೆ, ಅಲ್ಲವೇ?

ಅಲ್ಲಿ ವಾರದ ರಜೆಯಾದ ಶುಕ್ರವಾರ, ಚರ್ಚಿನಲ್ಲಿ ಪೂಜೆ ಮುಗಿದದ್ದೇ ಮೂವರೂ ಸೀದಾ ಪರ್ಲಿಗೆ ಹೋದರು. ಸಮುದ್ರದ ಬದಿಯ ಆ ಬಡಾವಣೆಯಲ್ಲಿ ಬಣ್ಣಬಣ್ಣದ ಮನೆಗಳ ನಡುವೆ ಕಾಲುವೆಗಳು, ಕಾಲುವೆಗಳ ಮೇಲೆ ಕಮಾನಿನ ಸೇತುವೆಗಳು. ನಾವೇ ನಡೆಸುವ ಕರೆಂಟಿನ ದೋಣಿಗಳು ಬಾಡಿಗೆಗೆ ಸಿಗುತ್ತವೆ. ವಿಲ್ಫ್ರೆಡ್ ಬಿಳಿ ಅಂಗಿ, ಬಿಳಿ ಪ್ಯಾಂಟು ಹಾಕಿದ್ದಲ್ಲದೆ, ಸೂಕ್ ಮಾರುಕಟ್ಟೆಯಿಂದ ಲಂಗರಿನ ಚಿತ್ರವಿರುವ ಒಂದು ಟೋಪಿಯನ್ನೂ ತಂದಿದ್ದ. ಅದನ್ನು ತಲೆಗೇರಿಸಿಕೊಂಡದ್ದೇ ಅವನ ನಡಿಗೆ ಬದಲಾಯಿತು.

ದೋಣಿ ಕೊಡುವ ಶಿಹಾಬ್ ಕೇರಳದವ. "ಚೇಟ್ಟಾ, ಕೇಳಿ. ಹ್ಯಾಂಡಲ್ ಮುಂದಕ್ಕೆ ಒತ್ತಿದರೆ ಮುಂದೆ, ಹಿಂದಕ್ಕೆ ಎಳೆದರೆ ಹಿಂದೆ. ದಾರಿಯಲ್ಲಿ ಯಾರನ್ನೂ ಹತ್ತಿಸಬೇಡಿ. ಕೊನೆಯ ಸಣ್ಣ ಸೇತುವೆಯ ಅಡಿಗೆ ಹೋಗಲೇಬೇಡಿ, ಮಧ್ಯಾಹ್ನ ನೀರು ಏರ್ತದೆ" ಎಂದು ಅವನಿಗೆ ಬರುವ ಹಿಂದಿಯಲ್ಲಿ ಹೇಳಿದ. ವಿಲ್ಫ್ರೆಡ್ ಆಗ ನೀರಿನಲ್ಲಿ ತನ್ನ ಟೋಪಿಯ ನೆರಳು ನೋಡಿಕೊಳ್ಳುತ್ತಿದ್ದ.

"ಖಲಾಸ್ ಭಾಯ್, ಎಲ್ಲ ಗೊತ್ತು. ಹೊಳೆಯವರು ನಾವು."

ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಹಾಕಿಸಿಕೊಂಡ ಅಗಾತಾಬಾಯಿ, "ಇದು ಹಾಕಿದರೆ ಮುಳುಗುವುದಿಲ್ಲವಂತಾ? ಹಾಗಾದರೆ ಅಳಿಯನಿಗೆ ಎರಡು ಕೊಡಿ" ಎಂದರು. ಮಡಿಲಲ್ಲಿ ಒಂದು ಡಬ್ಬ ಚಕ್ಕುಲಿ ಇಟ್ಟುಕೊಂಡು ಗಟ್ಟಿಯಾಗಿ ಕುಳಿತರು.

ಬಿಸಿಲಿಗೆಂದು ಮನೆಯ ಚಾವಣಿಯಂಥ ಗಟ್ಟಿ ಮಾಡು ಹೊದೆಸಿದ ಆ ದೋಣಿ ಮೊದಲು ಹಿಂದಕ್ಕೆ ಹೋಯಿತು. ಕಟ್ಟೆಗೆ ಬಡಿಯಿತು. ಅದು ಪರೀಕ್ಷೆ ಎಂದ ವಿಲ್ಫ್ರೆಡ್. ಎರಡನೇ ಸಲವೂ ಪರೀಕ್ಷೆ ನಡೆಯಿತು. ಮೂರನೆಯದಕ್ಕೆ ಶಿಹಾಬನೇ ಕಾಲಿನಿಂದ ದೂಡಿದ ಮೇಲೆ ದೋಣಿ ಕಾಲುವೆಯ ನಡುವಿಗೆ ಬಂತು.

ಆಮೇಲೆ ಕೆಲವು ನಿಮಿಷ ಸ್ವರ್ಗ. ಗಾಳಿ ತಂಪಾಗಿತ್ತು, ದೋಣಿ ನೆಟ್ಟಗೆ ಹೋಗುತ್ತಿತ್ತು, ದಡದಲ್ಲಿ ನಿಂತವರೆಲ್ಲ ಬಿಳಿ ಬಟ್ಟೆಯ ಕ್ಯಾಪ್ಟನ್ನನ್ನು ನೋಡುತ್ತಿದ್ದರು. ಪ್ರಶ್ನೆಗಳೂ ಬರತೊಡಗಿದವು.

"ಭಾಯ್ ಸಾಬ್, ಈ ನೀರು ಯಾವಾಗಲೂ ಇರ್ತದಾ, ವೀಕೆಂಡಿಗೆ ಮಾತ್ರ ಬಿಡ್ತಾರಾ?" ಎಂದು ಮಗುವಿನ ಗಾಡಿ ತಳ್ಳುತ್ತಿದ್ದವನೊಬ್ಬ ಹಿಂದಿಯಲ್ಲಿ ಕೇಳಿದ.

"ಯಾವಾಗಲೂ" ಎಂದ ವಿಲ್ಫ್ರೆಡ್, ಆ ಸಮುದ್ರವನ್ನು ತಾನೇ ತುಂಬಿಸಿದವನಂತೆ.

"ನೀವು ಇದೇ ದೋಣಿಯಲ್ಲಿ ಮಲಗುವುದಾ?" ಎಂದು ಒಬ್ಬಳು ಹುಡುಗಿ ಇಂಗ್ಲಿಷಿನಲ್ಲಿ ಕೇಳಿದಳು. "ತಿಮಿಂಗಿಲ ಇದೆಯಾ?" ಎಂದಿತು ಅವಳ ಕೈ ಹಿಡಿದಿದ್ದ ಮಗು. "ಇವತ್ತು ರಜೆ" ಎಂದ ವಿಲ್ಫ್ರೆಡ್. ತನ್ನ ಚಮತ್ಕಾರಕ್ಕೆ ತಾನೇ ನಕ್ಕು ಅತ್ತೆಯ ಕಡೆ ತಿರುಗಿದ. ಅಗಾತಾಬಾಯಿ ನಗುತ್ತಿರಲಿಲ್ಲ. ಹಿಂದೆ ಬಿದ್ದ ದಡವನ್ನೇ ನೋಡುತ್ತಿದ್ದರು.

"ಬಾಬ್, ಮಗುವಿನ ಗಾಡಿಯ ಆ ಮನುಷ್ಯ ಕೈ ಎತ್ತಿದ. ನೀನ್ಯಾಕೆ ನಿಲ್ಲಿಸಲಿಲ್ಲ?"

"ಮಾಮಿ, ಅವ ಟಾಟಾ ಮಾಡಿದ್ದು."

"ಏನೇ ಮಾಡಲಿ. ದಡದಲ್ಲಿ ನಿಂತವ ಕೈ ಎತ್ತಿದರೆ, ಕೂಗಿದರೆ, ದೋಣಿ ತಿರುಗಬೇಕು. ನಮ್ಮ ಕಡವಿನಲ್ಲಿ ಕೂಗಿದವರನ್ನು ಬಿಟ್ಟು ಬಂದ ಅಂಬಿಗನ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲ."

"ನನಗೆ ಹೆಣ್ಣು ಈಗಾಗಲೇ ಕೊಟ್ಟಾಗಿದೆಯಲ್ಲ ಮಾಮಿ."

"ಅದೇ ಈಗ ಯೋಚನೆ ಮಾಡ್ತಿದ್ದೇನೆ" ಎಂದರು ಅಗಾತಾಬಾಯಿ.

ಮಟಿಲ್ಡಾ ಗಂಡನ ಕಡೆ ನೋಡಿದಳು. ಆ ನೋಟದಲ್ಲಿ ಕ್ರಿಸ್ಮಸ್ ಇತ್ತು, ಹುರಿದಿಟ್ಟ ಎಳ್ಳಿತ್ತು, ತೆರೆದಿಟ್ಟ ನಲ್ಲಿಯೂ ಇತ್ತು. ವಿಲ್ಫ್ರೆಡ್ ಹ್ಯಾಂಡಲ್ ಸಡಿಲಿಸಿದ. ಶಿಹಾಬ್ ಹೇಳಿದ್ದು ನೆನಪಾಗದೆ ಇರಲಿಲ್ಲ. ಆದರೆ ಟಿಕೆಟ್ ಬದಲಿಸುವ ಅಧಿಕಾರ ಶಿಹಾಬನ ಕೈಯಲ್ಲಿರಲಿಲ್ಲ.

ಮುಂದಿನ ತಿರುವಿನಲ್ಲಿ ಫಿಲಿಪಿನೋ ಜೋಡಿಯೊಂದು ಮದುವೆಯ ಫೋಟೋಗೆ ನಿಂತಿತ್ತು. ಹಿನ್ನೆಲೆಯಲ್ಲಿ ದೋಣಿ ಬರಲಿ ಎಂದು ಹುಡುಗ ಕೈಬೀಸಿದ, ಅಷ್ಟೇ. ದೋಣಿ ಹಿನ್ನೆಲೆಯಲ್ಲಿ ನಿಲ್ಲದೆ ನೇರ ಅವರ ಕಾಲಬುಡಕ್ಕೇ ಬಂತು. "ಬಲೆ ಬಲೆ, ಕುಲ್ಲುಲೆ" ಎಂದು ಅಗಾತಾಬಾಯಿ ತುಳುವಿನಲ್ಲಿ ಕರೆದು ಹುಡುಗಿಯ ಕೈ ಹಿಡಿದು ಒಳಗೆಳೆದು ಕುಳ್ಳಿರಿಸಿದರು. ಹುಡುಗ ಹಿಂಬಾಲಿಸದೆ ಏನು ಮಾಡುತ್ತಾನೆ? ಫೋಟೋದವನು ದಡದ ಮೇಲೇ ಓಡುತ್ತ ಬಂದ. ಸೀಟಿನಡಿಯ ಲೈಫ್ ಜಾಕೆಟ್‌ಗಳನ್ನು ಅಗಾತಾಬಾಯಿಯೇ ಇಬ್ಬರಿಗೂ ತೊಡಿಸಿದರು. ಮದುಮಗಳ ಬಿಳಿ ಗೌನಿನ ಮೇಲೆ ಕಿತ್ತಳೆ ಬಣ್ಣ ಚೆನ್ನಾಗಿ ಒಪ್ಪಿತು ಎಂದು ಹೊಗಳಿದರು. ಹುಡುಗಿಗೆ ಮಾತು ಅರ್ಥವಾಗದಿದ್ದರೂ ಚಕ್ಕುಲಿ ಅರ್ಥವಾಯಿತು.

ಆಮೇಲೆ ಸಿಕ್ಕವರು ಈಜಿಪ್ಟಿನ ಒಬ್ಬ ಹಿರಿಯರು. "ಇದು ಮೆಟ್ರೋ ಸ್ಟೇಷನ್ನಿಗೆ ಹೋಗುತ್ತದೆಯೇ?" ಎಂಬುದು ಅವರ ಪ್ರಶ್ನೆ. ಮಾಫಿ ಮೆಟ್ರೋ, ಮೆಟ್ರೋ ಇಲ್ಲ ಎಂದು ವಿಲ್ಫ್ರೆಡ್ ತಲೆ ಅಲ್ಲಾಡಿಸುವ ಮೊದಲೇ ಅವರು ಹತ್ತಿ ಕುಳಿತಾಗಿತ್ತು. ಅಷ್ಟರಲ್ಲಿ ಬೆನ್ನಿಗೆ ಊಟದ ಪೆಟ್ಟಿಗೆ ಕಟ್ಟಿಕೊಂಡ ನೇಪಾಳಿ ಡೆಲಿವರಿಯವನೊಬ್ಬ ಎರಡೂ ಕೈ ಎತ್ತಿದ. ಅವನು ಹೋಗಬೇಕಾದ ಮನೆ ಎದುರು ದಡದಲ್ಲಿ ಕಣ್ಣಿಗೆ ಕಾಣುತ್ತಿತ್ತು, ದಾರಿ ಮಾತ್ರ ಕಾಣುತ್ತಿರಲಿಲ್ಲ.

"ನೋಡಿದಿಯಾ? ಇವನಿಗೆ ಹೊಳೆ ದಾಟಬೇಕು. ಇವನನ್ನು ಬಿಟ್ಟು ಹೋಗುವುದು ಧರ್ಮವಾ?" ಎಂದರು ಅಗಾತಾಬಾಯಿ.

ಧರ್ಮದ ಪ್ರಶ್ನೆ ಬಂದ ಮೇಲೆ ವಿಲ್ಫ್ರೆಡ್ ಅವನನ್ನೂ ಹತ್ತಿಸಿಕೊಂಡ. ಹೊರಟಾಗ ಕ್ಯಾಪ್ಟನ್ ಆಗಿದ್ದವನು ಈಗ ಕೆಮ್ಮಣ್ಣಿನ ಕಡವಿನ ಅಂಬಿಗನಾಗಿದ್ದ. ಒಂದು ಸಮಾಧಾನವೆಂದರೆ, ಅತ್ತೆಯ ಮುಖದಲ್ಲಿ ಎರಡು ವಾರದಿಂದ ಕಾಣದ ಕಳೆ ಬಂದಿತ್ತು. ಈಜಿಪ್ಟಿನವರ ಜೊತೆ ಅವರು ತುಳುವಿನಲ್ಲಿ ಮಂಡಿನೋವಿನ ಕುರಿತು ಮಾತಾಡುತ್ತಿದ್ದರು. ಹಿರಿಯರು ಅರಬಿಯಲ್ಲಿ ತಮ್ಮ ಮಂಡಿ ತೋರಿಸುತ್ತಿದ್ದರು.

ಎದುರು ದಡದಲ್ಲಿ ಇಳಿಯುವುದಕ್ಕೆ ಮೆಟ್ಟಿಲು ಇದ್ದದ್ದು ಒಂದೇ ಕಡೆ, ಆ ಕೊನೆಯ ಸಣ್ಣ ಸೇತುವೆಯ ಕಮಾನಿನ ಅಡಿಯಲ್ಲಿ. ದೋಣಿ ಜನರ ಭಾರಕ್ಕೆ ತಗ್ಗಿದ್ದರಿಂದ ಅದರ ಮಾಡು ಕಮಾನಿಗೆ ತಾಗದೆ ನಾಲ್ಕು ಬೆರಳು ಕೆಳಗೆ ನುಸುಳಿತು. "ನೋಡು, ಕೂದಲೆಳೆಯ ಲೆಕ್ಕ" ಎಂದು ವಿಲ್ಫ್ರೆಡ್ ಹೆಂಡತಿಗೆ ಹೇಳಿದ. ಮೆಟ್ಟಿಲ ಬಳಿ ದೋಣಿ ನಿಂತಿತು. ಡೆಲಿವರಿಯವ ಹಾರಿದ. ಈಜಿಪ್ಟಿನವರು ಮಂಡಿ ಹಿಡಿದುಕೊಂಡು ಇಳಿದರು. ಮದುಮಕ್ಕಳೂ ಸೇತುವೆ ದಾಟಿ ಬಂದ ಫೋಟೋದವನ ಕಡೆ ಓಡಿದರು. ಮೆಟ್ಟಿಲ ಮೇಲೆ ಬುರ್ಖಾ ಹಾಕಿದ ಭಾರೀ ದೇಹದ ಒಬ್ಬ ಹೆಂಗಸು, ಮಗನ ಜೊತೆ ನಿಂತು ಇದನ್ನೆಲ್ಲ ನೋಡುತ್ತಿದ್ದರು. ಅಗಾತಾಬಾಯಿ ಅಭ್ಯಾಸಬಲದಿಂದ, "ಬಲೆ, ಕುಲ್ಲುಲೆ" ಎಂದರು.

ಆ ಹೆಂಗಸು ಎದೆಯ ಮೇಲೆ ಕೈಯಿಟ್ಟುಕೊಂಡರು. "ಯಾ ಅಲ್ಲಾ, ತುಳು! ನೀವು ಎಲ್ಲಿಯವರು ಬಾಯಿ?" ಎಂದು ಅದೇ ತುಳುವಿನಲ್ಲಿ ಕೇಳಿದರು.

"ಕೆಮ್ಮಣ್ಣು. ನೀವು?"

"ಉಳ್ಳಾಲ. ನನ್ನ ಹೆಸರು ಆಯಿಷಮ್ಮ. ಇವ ಮಗ ಸರ್ಫರಾಝ್, ಇಲ್ಲಿ ಅತ್ತರಿನ ಅಂಗಡಿ. ಮನೆ ನಜ್ಮಾದಲ್ಲಿ, ಟೈಲರುಗಳ ಓಣಿ."

"ನಮ್ಮ ಮನೆ ಅದರ ಹಿಂದಿನ ಕಟ್ಟಡ. ಮೂರನೇ ಮಹಡಿ."

"ಸಂಜೆ ಒಣಗಿದ ಬಟ್ಟೆ ತೆಗೆಯುವಾಗ ಒಬ್ಬರೇ ಮಾತಾಡುವುದು ನೀವಾ?"

"ನಾನೇ" ಎಂದರು ಅಗಾತಾಬಾಯಿ, ಬಿರುದು ಒಪ್ಪಿಕೊಳ್ಳುವವರ ಹಾಗೆ.

ಇಬ್ಬರೂ ದಡದಿಂದ ದೋಣಿಗೆ, ದೋಣಿಯಿಂದ ದಡಕ್ಕೆ ಕೈ ಚಾಚಿದ ಅದೇ ಗಳಿಗೆಯಲ್ಲಿ ತಲೆಯ ಮೇಲೆ 'ಕಟ್' ಎಂದು ಸದ್ದಾಯಿತು. ಇಳಿದವರ ಭಾರ ಇಳಿದಿತ್ತು. ಭಾರ ಇಳಿದ ದೋಣಿ ಮೇಲೆದ್ದಿತ್ತು. ಮೇಲೆದ್ದ ದೋಣಿಯ ಮಾಡು ಕಮಾನಿಗೆ ಕಚ್ಚಿಕೊಂಡಿತ್ತು. ವಿಲ್ಫ್ರೆಡ್ ಹ್ಯಾಂಡಲ್ ಮುಂದಕ್ಕೆ ಒತ್ತಿದ, ಹಿಂದಕ್ಕೆ ಎಳೆದ. ಮೋಟಾರು ಗುಂಯ್ ಎಂದಿತು. ದೋಣಿ ಮಿಸುಕಲಿಲ್ಲ. ಕೆಳಗಿನಿಂದ ಸಮುದ್ರದ ನೀರು ಏರುತ್ತಲೇ ಇತ್ತು. ಪ್ರತಿ ಕ್ಷಣಕ್ಕೂ ಮಾಡು ಇನ್ನಷ್ಟು ಬಿಗಿಯಾಗಿ ಕಚ್ಚಿಕೊಳ್ಳುತ್ತಿತ್ತು.

ಸೇತುವೆಯ ಮೇಲೆ ಜನ ಸೇರಿದರು. ಕಮಾನಿನ ಎರಡೂ ಬದಿಯಿಂದ ತಲೆಕೆಳಗಾದ ಮುಖಗಳು ಇಣುಕಿದವು.

"ಇದು ಇಲ್ಲೇ ಇರುವ ದೋಣಿಯಾ?"

"ಸಿನಿಮಾ ಶೂಟಿಂಗಾ ಭಾಯ್?"

"ಒಳಗೆ ತಿಂಡಿ ಸಿಗ್ತದಂತೆ, ಚಕ್ಕುಲಿ ಹೇಗೆ ಕೊಡ್ತೀರಿ?"

"ಸೇತುವೆಯನ್ನು ಸ್ವಲ್ಪ ಎತ್ತಲಿಕ್ಕೆ ಯಾರಿಗಾದರೂ ಹೇಳಬಾರದಾ?"

ಒಬ್ಬ ಮಹನೀಯ, "ಕ್ಯಾಪ್ಟನ್, ಈ ದೋಣಿ ಮತ್ತೆ ಎಷ್ಟು ಹೊತ್ತಿಗೆ ಹೊರಡುತ್ತದೆ?" ಎಂದು ಗಡಿಯಾರ ನೋಡಿಕೊಂಡ. ವಿಲ್ಫ್ರೆಡ್ ಟೋಪಿ ತೆಗೆದು ಸೀಟಿನಡಿಗೆ ತುರುಕಿದ. ಶಿಹಾಬನಿಗೆ ಫೋನು ಮಾಡಿದ.

"ಚೇಟ್ಟಾ, ನೀವು ಎಲ್ಲಿ?"

"ಸಣ್ಣ ಸೇತುವೆಯ ಅಡಿ."

"ಹೊಳೆಯವರು ಅಂದಿರಲ್ಲ?" ಎಂದ ಶಿಹಾಬ್. "ಜನ ಹತ್ತಿಸಿ. ಭಾರ ಬಿದ್ದರೆ ದೋಣಿ ಕೆಳಗೆ ಹೋಗ್ತದೆ. ಬೇಗ, ಯಲ್ಲಾ. ನೀರು ಇನ್ನೂ ಏರಿದರೆ ಮಾಡು ಮುರೀತದೆ."

"ಹತ್ತಿಸಬೇಡಿ ಅಂದದ್ದು ನೀವೇ ಅಲ್ವಾ?"

"ಅದು ಆಗ" ಎಂದು ಶಿಹಾಬ್ ಫೋನು ಇಟ್ಟ.

ಹತ್ತಿಸುವುದು ಯಾರನ್ನು? ಕೂಗಿ ಹತ್ತಿದವರೆಲ್ಲ ಇಳಿದು ಹೋಗಿದ್ದರು. ಮೇಲಿನವರಿಗೆ ಫೋಟೋ ತೆಗೆಯುವುದರಲ್ಲಿ ಬಿಡುವಿಲ್ಲ. ಕಮಾನಿನ ನೆರಳಿನಲ್ಲಿ ಬೆವರುತ್ತ ನಿಂತ ವಿಲ್ಫ್ರೆಡ್ ಹೆಂಡತಿಯ ಮುಖ ನೋಡಿದ. ಅವಳು ಇಷ್ಟು ಹೊತ್ತು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದವಳು ಈಗ ನಗುವುದನ್ನು ನಿಲ್ಲಿಸಿದ್ದಳು. ಅವನಿಗೆ ನಿಜಕ್ಕೂ ಸಂಕಟವಾಯಿತು. ದೋಣಿ ಸಿಕ್ಕಿಬಿದ್ದದ್ದಕ್ಕಲ್ಲ. ಅವಳ ಒಂದು ಸಣ್ಣ ಆಸೆಯನ್ನು ತನ್ನ ಜಂಬದ ಮೇಲೆ ಪಣಕ್ಕಿಟ್ಟೆನಲ್ಲ ಎಂದು. ಇಂಥ ಅಳಿಯನ ಮನೆಯಲ್ಲಿ ಯಾವ ಅತ್ತೆ ಹಬ್ಬಕ್ಕೆ ಉಳಿದಾಳು?

"ಸಾರಿ ಮಟಿಲ್ಡಾ" ಎಂದ, ಮೆಲ್ಲಗೆ. ಆ ಮಾತು ಮಾತ್ರ ಘೋಷಣೆಯಂತಿರಲಿಲ್ಲ. ಅವಳು ಅವನ ಬೆವರಿದ ಕೈ ಹಿಡಿದುಕೊಂಡಳು.

ಅಗಾತಾಬಾಯಿ ಎದ್ದು ನಿಂತರು. ನಿಲ್ಲಬಾರದೆಂಬ ನಿಯಮ ಅವರಿಗೆ ಯಾರೂ ಹೇಳಿರಲಿಲ್ಲ. ಬಾಯಿಯ ಎರಡೂ ಬದಿಗೆ ಕೈ ಹಿಡಿದು, ಮಳೆಗಾಲದ ಹೊಳೆಯ ಆ ದಡಕ್ಕೆ ಕೇಳುವಂತೆ, "ಓ...ಯ್" ಎಂದು ಒಂದು ಕೂಗು ಹಾಕಿದರು. ಕಮಾನು ಅದನ್ನು ಹಿಡಿದು ಮೂರು ಪಟ್ಟು ಮಾಡಿ ಬಡಾವಣೆಗೆಲ್ಲ ಹಂಚಿತು. ಬಾಲ್ಕನಿಗಳ ಬಾಗಿಲು ತೆರೆದವು. ಎಲ್ಲೋ ನಾಯಿ ಬೊಗಳಿತು.

ಮೊದಲು ಬಂದವನು ಡೆಲಿವರಿಯವ. ಊಟ ಕೊಟ್ಟಾಗಿತ್ತು, ಅವನ ಬೈಕು ಆಚೆ ದಡದಲ್ಲಿತ್ತು, ಅವನಿಗೆ ಹೇಗೂ ದಾಟಬೇಕಿತ್ತು. ಮದುಮಗಳು ಗೌನು ಎತ್ತಿಕೊಂಡು ಓಡಿಬಂದಳು, ಹಿಂದೆ ಹುಡುಗ. ಇಷ್ಟು ಜನ ಕುಳಿತರೂ ಮಾಡು ಬಿಡಲಿಲ್ಲ. ಆಗ ಆಯಿಷಮ್ಮ ಮಗನಿಗೆ ಚಪ್ಪಲಿ ಕೊಟ್ಟು, "ಬಿಸ್ಮಿಲ್ಲಾ" ಎಂದು ದೋಣಿಯೊಳಗೆ ಒಂದು ಕಾಲಿಟ್ಟರು. ಎರಡನೆಯದನ್ನೂ ಇಟ್ಟರು. ಅಗಾತಾಬಾಯಿಯ ಪಕ್ಕದಲ್ಲಿ ಕುಳಿತರು. ದೋಣಿ ನಿಧಾನವಾಗಿ ತಗ್ಗಿತು. ಮಾಡು ಕಮಾನನ್ನು ಬಿಟ್ಟಿತು.

"ಡಾಕ್ಟರು ತೂಕ ಇಳಿಸಿ ಅಂತ ಒಂದು ವರ್ಷದಿಂದ ಹೇಳ್ತಾ ಇದ್ದಾರೆ. ನಾನು ಕೇಳದ್ದು ಒಳ್ಳೆದಾಯ್ತು" ಎಂದರು ಆಯಿಷಮ್ಮ.

ಸೇತುವೆಯ ಮೇಲಿನವರು ಚಪ್ಪಾಳೆ ತಟ್ಟಿದರು. ಸರ್ಫರಾಝ್ ತಾಯಿಯ ಚಪ್ಪಲಿ ಹಿಡಿದುಕೊಂಡು, ಫೋಟೋದವನ ಜೊತೆ ದಡದ ಮೇಲೆ ಓಡಿಬಂದ. ಹಿಂದಿರುಗುವ ದಾರಿಯುದ್ದಕ್ಕೂ ಇಬ್ಬರು ಹೆಂಗಸರು ಮೀನಿನ ಸಾರಿಗೆ ಹುಳಿ ಯಾವುದು ಒಳ್ಳೆಯದೆಂದು ಜಗಳವಾಡಿದರು. ಕಟ್ಟೆಯಲ್ಲಿ ಶಿಹಾಬ್ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ. ಮೂವರನ್ನು ಕಳಿಸಿದ ದೋಣಿಯಲ್ಲಿ ಒಂದು ಮದುವೆ ದಿಬ್ಬಣವೇ ಬಂದದ್ದನ್ನು ನೋಡುತ್ತ ಅಗಾತಾಬಾಯಿ ಕೊಟ್ಟ ಚಕ್ಕುಲಿ ತಿಂದ.

ಕಾರು ನಜ್ಮಾದ ಹತ್ತಿರ ಬಂತು. ಸಿಗ್ನಲ್ಲಿನಲ್ಲಿ ನಿಂತಾಗ ವಿಲ್ಫ್ರೆಡ್ ಗಂಟಲು ಸರಿಮಾಡಿಕೊಂಡ.

"ಮಾಮಿ, ಟಿಕೆಟಿನ ವಿಷಯ. ನಾಳೆ ಟ್ರಾವೆಲ್ಸಿಗೆ ಹೇಳಲಾ?"

"ಬೇಡ. ಕ್ರಿಸ್ಮಸ್ ಮುಗಿಸಿಯೇ ಹೋಗುವುದು. ವೀಸಾ ಇದ್ದರೆ ಆಮೇಲೂ ಇರ್ತೇನೆ."

ಹಿಂದಿನ ಸೀಟಿನಲ್ಲಿ ಮಟಿಲ್ಡಾ ತಾಯಿಯ ಭುಜಕ್ಕೆ ಒರಗಿದಳು. ಈ ಸಲದ ಅಳುವಿಗೆ ನಲ್ಲಿಯ ಅಗತ್ಯ ಬೀಳಲಿಲ್ಲ. ವಿಲ್ಫ್ರೆಡನ ಎದೆ ಉಬ್ಬಿತು.

"ಆಯಿಷಮ್ಮ ಸಿಕ್ಕಿದರಲ್ಲ ಮಾಮಿ, ಇನ್ನು ನಿಮಗೆ ಬೇಸರ ಆಗುವುದಿಲ್ಲ."

"ಅವರು ಸಿಕ್ಕಿದ್ದು ಸಂತೋಷವೇ" ಎಂದರು ಅಗಾತಾಬಾಯಿ, ಮಗಳ ತಲೆ ಸವರುತ್ತ. "ಆದರೆ ಉಳಿಯುವುದು ಅದಕ್ಕಲ್ಲ ಬಾಬ್. ಇಷ್ಟು ವರ್ಷ ಮಗಳು ನಿನ್ನ ಜೊತೆ ಇದ್ದಾಳೆ ಅಂತ ಊರಿನಲ್ಲಿ ನಿಶ್ಚಿಂತೆಯಿಂದ ಇದ್ದೆ. ಇವತ್ತು ನೀನು ದೋಣಿ ನಡೆಸಿದ್ದನ್ನು ನೋಡಿದ ಮೇಲೆ ಅವಳನ್ನು ನಿನ್ನ ಕೈಯಲ್ಲಿ ಬಿಟ್ಟು ಹೋಗಲಿಕ್ಕೆ ನನಗೆ ಧೈರ್ಯ ಸಾಲುವುದಿಲ್ಲ."